ಸದ್ದಿಲ್ಲದ ಕಾರು

ತುಮಕೂರಿನ ಕಂಟ್ರಾಕ್ಟರ್ ರುದ್ರಾರಾಧ್ಯರ ಮನೆ ಮುಂದೆ ಪೆಟ್ರೋಲಿಗೂ ಬ್ಯಾಟರಿಗೂ ಓಡುವ ಎರಡು ಪುಟ್ಟ ಹೈಬ್ರಿಡ್ ಎಸ್‌ಯುವಿಗಳು ಬಂದು ನಿಂತವು, ಒಂದು ಕೆಂಪು, ಒಂದು ಬಿಳಿ. ಎರಡು ಕಂಪನಿಯವರೂ ಓಡಿಸಿ ನೋಡಲೆಂದು ಕಳಿಸಿದ್ದರು. ಕೆಂಪೇ ಬೇಕೆಂದರು ಆರಾಧ್ಯರು. ಬಿಳಿಯದೇ ಆಗಬೇಕೆಂದರು ಹೆಂಡತಿ ಗಿರಿಜಮ್ಮ. ಮಾತಿಗೆ ಮಾತು ಬೆಳೆದು, ಕೊನೆಗೆ ತೀರ್ಪು ಡ್ರೈವರ್ ಚನ್ನಿಗಪ್ಪನ ತಲೆಗೆ ಬಂತು.

“ಎರಡನ್ನೂ ಓಡಿಸಿ ನೀನೇ ಹೇಳು. ಸರಿಯಾಗಿ ಹೇಳದಿದ್ರೆ ನಾಳೆಯಿಂದ ಬರಬೇಡ!” ಎಂದು ಆರಾಧ್ಯರು ಗುಡುಗಿದರು.

“ಯೋಚನೆ ಮಾಡಿ ಹೇಳಪ್ಪಾ,” ಎಂದರು ಗಿರಿಜಮ್ಮ, ಅವನಿಗೆ ತಂದಿದ್ದ ಕಾಫಿಯನ್ನು ಕೊಡದೆ ಕೈಯಲ್ಲೇ ಹಿಡಿದು.

ಬಿಳಿ ಅಂದರೆ ಕೆಲಸ ಹೋಯಿತು, ಕೆಂಪು ಅಂದರೆ ಕಾಫಿ ಹೋಯಿತು. ಚನ್ನಿಗಪ್ಪ ಯಜಮಾನರನ್ನು ಹಿಂದೆ ಕೂರಿಸಿಕೊಂಡು ಎರಡರಲ್ಲೂ ಒಂದೊಂದು ಸುತ್ತು ಹೋಗಿಬಂದ. ಆರಾಧ್ಯರು ದಾರಿಯುದ್ದಕ್ಕೂ ಫೋನಿನಲ್ಲಿ ಪಿಸುಗುಡುತ್ತಲೇ ಇದ್ದರು.

“ಎರಡೂ ಚೆನ್ನಾಗಿವೆ ಸಾರ್,” ಎಂದ. “ಕೆಂಪು ಗಾಡಿ ಬ್ಯಾಟರಿ ಮೇಲೆ ಹೋಗುವಾಗ ಚೂರೂ ಸದ್ದಿಲ್ಲ. ನೀವು ಫೋನಲ್ಲಿ ಮಾತಾಡಿದ್ದು ಒಂದಕ್ಷರ ಬಿಡದೆ ಕೇಳಿಸ್ತು. ಬಿಳೀದು ಸ್ವಲ್ಪ ಗುರ್ ಅನ್ನುತ್ತೆ, ಏನೂ ಕೇಳಿಸಲಿಲ್ಲ.”

ಆರಾಧ್ಯರ ಮುಖ ಬಿಳಿಚಿಕೊಂಡಿತು. “ಬಿಳೀದೇ ಇರಲಿ ಗಿರಿಜಾ! ನೀನು ಹೇಳಿದ್ದೇ ಸರಿ.”

ಗಿರಿಜಮ್ಮ ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಛೇ ಛೇ, ನಿಮ್ಮ ಮಾತು ಮೀರೋದುಂಟೇ? ಕೆಂಪೇ ತಗೊಳ್ಳೋಣ. ಇನ್ಮೇಲೆ ಸೈಟಿಗೆ ನಾನೂ ಬರ್ತೀನಿ.”

ಜಗಳ ಮತ್ತೆ ಶುರುವಾಯಿತು, ಈ ಸಲ ತಿರುವುಮುರುವಾಗಿ. ಚನ್ನಿಗಪ್ಪನನ್ನು ಯಾರೂ ಏನೂ ಕೇಳಲಿಲ್ಲ.

ವಾರದೊಳಗೆ ಕೆಂಪು ಕಾರು ಮನೆಗೆ ಬಂತು. ಮೊದಲು ತಾವೇ ಆಸೆಪಟ್ಟಿದ್ದ ಕಾರಿನಲ್ಲಿ ಆರಾಧ್ಯರು ಈಗ ತುಟಿ ಬಿಚ್ಚದೆ ಕೂರುತ್ತಾರೆ, ಪಕ್ಕದಲ್ಲಿ ಗಿರಿಜಮ್ಮ.