ಸುಂಕ ಕಟ್ಟದ ಕಾರು

ಮಂಗಳೂರಿನ ಧಣಿ ಜಯಪಾಲರು ದುಬೈಯಿಂದ ಕಾರು ತರಿಸಿದರು. ಸುಂಕ ಕಟ್ಟದೆ, ನೋಂದಣಿ ಮಾಡಿಸದೆ ಓಡಾಡಿದರು. ಒಂದು ದಿನ ಪೊಲೀಸರು ಅಡ್ಡಗಟ್ಟಿದರು.

“ಕಾರು ನಿನ್ನದೆಂದು ಹೇಳು. ಇಲ್ಲದಿದ್ದರೆ ನಾಳೆಯಿಂದ ಕೆಲಸವಿಲ್ಲ” ಎಂದು ಧಣಿ ಡ್ರೈವರ್ ತನಿಯಪ್ಪನಿಗೆ ಮೆಲ್ಲಗೆ ಗದರಿದರು. ತನಿಯಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೇಳಿದರೆ ಜೈಲು, ಹೇಳದಿದ್ದರೆ ಮಕ್ಕಳಿಗೆ ಗಂಜಿಯಿಲ್ಲ.

“ಕಾರು ಯಾರದು?” ಇನ್‌ಸ್ಪೆಕ್ಟರ್ ಕೇಳಿದರು.

“ನನ್ನದೇ ಸರ್.” ತನಿಯಪ್ಪನ ಧ್ವನಿ ನಡುಗಿತು. “ಸುಂಕಕ್ಕೆ ಹಣವಿಲ್ಲ. ಇವತ್ತೇ ಕಾರು ಮಾರಿ ಕಟ್ಟುತ್ತೇನೆ. ಇದು ನನ್ನದೆಂದು ಧಣಿಗಳೇ ಬರೆದುಕೊಡುತ್ತಾರೆ.”

ಇನ್‌ಸ್ಪೆಕ್ಟರ್ ಧಣಿಗೆ ಪೆನ್ನು ಚಾಚಿದರು. ಜಯಪಾಲರು ಪೆನ್ನು ನೋಡಿದರು, ಕಾರು ನೋಡಿದರು.

“ಅವನದಲ್ಲ ಮಾರಾಯರೇ, ನನ್ನದು.”

“ಹಾಗಾದರೆ ನೀವೇ ಜೀಪು ಹತ್ತಿ.”

ತನಿಯಪ್ಪ ರಸ್ತೆ ಬದಿಯಲ್ಲಿ ಕುಸಿದು ಕೂತ. ನಗಲು ನೋಡಿದ, ಹಲ್ಲುಗಳು ಇನ್ನೂ ಕಟಕಟಿಸುತ್ತಿದ್ದವು.