ರೂತಮ್ಮನವರು ಬಿಟ್ಟುಕೊಟ್ಟ ನೆಲ

ಪೂಜ್ಯ ರೂತಮ್ಮನವರು ಪ್ರಭುವಿನ ಸನ್ನಿಧಿ ಸೇರಿದ ಮೇಲೆ, ನಮ್ಮ ಕ್ರೈಸ್ತ ಸಭೆಯ ಸಮಾಧಿ ಸ್ಥಳಕ್ಕೆ ಬರುವ ಎಳೆಯರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ಅವರ ಯಜಮಾನರಾದ ಯೋಹಾನಪ್ಪನವರು ಬೇವಿನ ಮರದ ಕೆಳಗೆ ಮಲಗಿರುವಾಗ, ಈ ತಾಯಿ ಮಾತ್ರ ದೂರದ ಜಾಲಿಬೇಲಿಯ ಪಕ್ಕದಲ್ಲಿ ಏಕಿದ್ದಾರೆ? ಉತ್ತರ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ಹೇಳುತ್ತೇನೆ.

ಗದಗ ಸೀಮೆಯ ನಮ್ಮ ಊರಿನಲ್ಲಿ, ನೇಕಾರರ ಓಣಿಯ ತುದಿಯ ಮಣ್ಣಿನ ಮನೆಯೊಂದರಲ್ಲಿ ಅವರು ವಾಸವಾಗಿದ್ದರು. ಹಳೆಯ ಬಟ್ಟೆ ಸೇರಿಸಿ ಕೌದಿ ಹೊಲಿದು ಜೀವನ. ಪ್ರಭು ಅವರಿಗೆ ಹೊಟ್ಟೆಯಲ್ಲಿ ಮಕ್ಕಳನ್ನು ಕೊಡಲಿಲ್ಲ, ಬಾಗಿಲಿಗೆ ತಂದುಕೊಟ್ಟನು. ತಾಯಿ ಸತ್ತವರು, ತಂದೆ ಬಿಟ್ಟುಹೋದವರು, ಸಂತೆಯಲ್ಲಿ ಅಳುತ್ತ ನಿಂತವರು ಎಲ್ಲರೂ ಆ ಮನೆಯಲ್ಲಿ ಉಂಡು ಬೆಳೆದರು. ಸಂಜೆಯಾದರೆ ಎಲ್ಲರನ್ನೂ ಸುತ್ತ ಕೂರಿಸಿಕೊಂಡು ತಾಯಿ ಪ್ರಾರ್ಥನೆ ಮಾಡುತ್ತಿದ್ದರು. ಆದರೆ ಯಾರ ಹೆಸರನ್ನೂ ಬದಲಿಸಲಿಲ್ಲ, ಯಾರಿಗೂ ದೀಕ್ಷಾಸ್ನಾನ ಮಾಡಿಸಲಿಲ್ಲ. ತಿಳಿವಳಿಕೆ ಬಂದ ಮೇಲೆ ತಾವಾಗಿ ಕೇಳಲಿ, ಕೇಳದಿದ್ದರೂ ರೊಟ್ಟಿ ನಿಲ್ಲುವುದಿಲ್ಲ ಎನ್ನುತ್ತಿದ್ದರು. ಇವಳು ಮಕ್ಕಳ ಜಾತಿ ಕೆಡಿಸುತ್ತಾಳೆಂದು ಊರವರು ಆಡಿಕೊಂಡರು. ಇವಳು ಮಕ್ಕಳನ್ನು ರಕ್ಷಣೆಗೆ ತರುತ್ತಿಲ್ಲವೆಂದು ಸಭೆಯವರು ದೂರಿದರು. ತಾಯಿ ಸೂಜಿಯಿಂದ ಕಣ್ಣೆತ್ತಲಿಲ್ಲ.

ಆ ಮಕ್ಕಳಲ್ಲಿ ನೀಲವ್ವನೆಂಬ ಪುಟ್ಟ ಹುಡುಗಿಯೊಬ್ಬಳಿದ್ದಳು. ಬಸ್ ನಿಲ್ದಾಣದಲ್ಲಿ ಸಿಕ್ಕವಳು. ತನ್ನ ಹೆಸರೊಂದನ್ನು ಬಿಟ್ಟು ಬೇರೇನೂ ಅರಿಯದವಳು. ಒಂದು ಬೇಸಿಗೆಯಲ್ಲಿ ಜ್ವರ ತಲೆಗೇರಿ, ತಾಯಿಯ ತೊಡೆಯ ಮೇಲೆಯೇ ಪ್ರಾಣ ಬಿಟ್ಟಳು.

ಊರಿನಲ್ಲಿ ಒಂದೊಂದು ಸಮಾಜಕ್ಕೆ ಒಂದೊಂದು ರುದ್ರಭೂಮಿ. ಕುಲ ತಿಳಿಯದ, ಕ್ರೈಸ್ತರ ಮನೆಯ ಅನ್ನ ಉಂಡ ಕೂಸಿಗೆ ತಮ್ಮಲ್ಲಿ ಜಾಗವಿಲ್ಲವೆಂದು ಎಲ್ಲರೂ ಹೇಳಿ ಕಳಿಸಿದರು. ನಮ್ಮ ಸಭೆಯ ಹಿರಿಯರಾದ ಸಮುವೇಲಪ್ಪನವರೂ ಒಪ್ಪಲಿಲ್ಲ. ಅವರು ನಿವೃತ್ತ ಮಾಸ್ತರರು, ನಿಯಮದ ಮನುಷ್ಯ. ಸಮಾಧಿ ಸ್ಥಳದ ಬೀಗದ ಕೈ ಅವರ ಬಳಿಯೇ ಇತ್ತು. ದೀಕ್ಷಾಸ್ನಾನವಾಗದವರನ್ನು ಅಲ್ಲಿ ಹೂಳುವಂತಿಲ್ಲವೆಂದರು.

ರೂತಮ್ಮನವರು ವಾದಿಸಲಿಲ್ಲ. ಮಗುವಿಗೆ ಸ್ನಾನ ಮಾಡಿಸಿ, ತಾವೇ ಹೊಲಿದ ಕೌದಿಯಲ್ಲಿ ಸುತ್ತಿ ಎದೆಗವಚಿಕೊಂಡು, ಗುದ್ದಲಿಯನ್ನು ಹೆಗಲಿಗೇರಿಸಿ ಉರಿಬಿಸಿಲಿನಲ್ಲಿ ಹೊರಟರು. ಮಕ್ಕಳೆಲ್ಲ ಹಿಂದೆ ನಡೆದರು. ಸಮುವೇಲಪ್ಪನವರು ಸಮಾಧಿ ಸ್ಥಳದ ಗೇಟಿಗೆ ಅಡ್ಡನಿಂತು ನಿಯಮವನ್ನು ಮತ್ತೊಮ್ಮೆ ಹೇಳಿದರು.

ತಾಯಿ ಹೇಳಿದರು: "ನಿಯಮ ನಿಮ್ಮದು, ಸಮುವೇಲಪ್ಪನವರೇ. ಜಾಗಾ ನಂದು. ನಮ್ಮ ಮನಿಯವರ ಬಾಜೂಕ ನನಗಂತ ಇಟ್ಟೀರಲ್ಲ, ಅದನ್ನ ಈಕೀಗೆ ಕೊಟ್ಟೀನಿ. ನಾ ಸತ್ತಾಗ ಎಲ್ಲಿ ಬೇಕಾದ್ರೂ ಹೂಳ್ರಿ."

ನಿಯಮದ ಮನುಷ್ಯನಿಗೆ ಇದಕ್ಕೊಂದು ನಿಯಮ ನೆನಪಾಗಲಿಲ್ಲ. ಆದರೂ ಬಿಡದೆ, "ರೂತಬಾಯಿ, ಆ ಕೂಸು ನಮ್ಮದಲ್ಲ" ಎಂದರು.

"ಈಕಿ ನನ್ನ ಮಗಳು. ನಾ ನಿಮ್ಮಾಕಿ ಹೌದೋ ಅಲ್ಲೋ, ಅದನ್ನ ನೀವ ಹೇಳ್ರಿ."

ಸಮುವೇಲಪ್ಪನವರು ಬೀಗ ತೆಗೆದರು. ತಾಯಿ ಮಗುವನ್ನು ಬೇವಿನ ನೆರಳಿನಲ್ಲಿ ಮಲಗಿಸಿ, ಸೀರೆಯ ಸೆರಗು ಸೊಂಟಕ್ಕೆ ಕಟ್ಟಿ, ತಾವೇ ನೆಲ ಅಗೆಯತೊಡಗಿದರು. ಬಿಸಿಲಿಗೆ ಕಲ್ಲಾಗಿದ್ದ ಮಣ್ಣು. ಪ್ರಾಯ ಸಂದ ದೇಹ. ಅಂಗೈ ಒಡೆದು ಗುದ್ದಲಿಯ ಹಿಡಿ ಕೆಂಪಾಯಿತು. ಸಹಾಯ ಮಾಡಿರೆಂದು ಅವರು ಯಾರನ್ನೂ ಕೇಳಲಿಲ್ಲ, ಅಳಲೂ ಇಲ್ಲ. ಗೇಟಿನ ಬಳಿ ನಿಂತಿದ್ದ ಸಮುವೇಲಪ್ಪನವರು ಕೋಟು ಕಳಚಿ ಬೇಲಿಯ ಮೇಲೆಸೆದು ಹತ್ತಿರ ಬಂದರು.

"ಕೊಡ್ರಿ ಅವ್ವಾ," ಎಂದು ಗುದ್ದಲಿಗೆ ಕೈಚಾಚಿದರು. ಅಲ್ಲಿಯವರೆಗೆ ಅವರು ಆ ತಾಯಿಯನ್ನು ಅವ್ವಾ ಎಂದು ಕರೆದವರಲ್ಲ.

ಕುಣಿ ತೋಡಿ ಮುಗಿಸಿದವರು ಸಮುವೇಲಪ್ಪನವರೇ, ಪ್ರಾರ್ಥನೆ ಮಾಡಿದವರೂ ಅವರೇ. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರ ಸಭೆ ಕೂಡಿ ಅವರನ್ನು ವಿಚಾರಿಸಿತು. ಅವರು ಎದ್ದು ನಿಂತು, "ಹೂತಾಂವ ನಾನು. ತಗಿಯೂ ಎದಿ ಯಾರಿಗೈತಿ, ಗುದ್ದಲಿ ತಗೊಂಡು ಬರ್ರಿ" ಎಂದರು. ಯಾರೂ ಏಳಲಿಲ್ಲ.

ಮಳೆಗಾಲದ ಹೊತ್ತಿಗೆ ರೂತಮ್ಮನವರ ಬಾಗಿಲಿಗೆ ಬಸಣ್ಣನೆಂಬ ಅನಾಥ ಕೂಸೊಂದು ಬಂದಿತು. ಸಮುವೇಲಪ್ಪ ದಂಪತಿಗಳು ಬಂದು ಅದನ್ನು ತಾವು ಸಾಕುವುದಾಗಿ ಬೇಡಿಕೊಂಡರು. ಮಕ್ಕಳನ್ನು ಸಾಕಿ ರೂಢಿಯಿಲ್ಲ, ಹೇಗೋ ಏನೋ ಎಂದು ಮಾಸ್ತರರು ಅಳುಕಿದಾಗ ತಾಯಿ, "ಮೊದಲ ಉಣ್ಣಾಕ ಹಾಕ್ರಿ, ಉಳದದ್ದನ್ನ ಅದ ಕಲಿಸತೈತಿ" ಎಂದು ಕೂಸನ್ನು ಅವರ ತೋಳಿಗೆ ಕೊಟ್ಟರು. ಅವನು ಆ ಮನೆಯಲ್ಲಿ ಬಸಣ್ಣನಾಗಿಯೇ ಬೆಳೆದನು.

ತಾಯಿ ತೀರಿಕೊಂಡಾಗ ಅವರ ಪೆಟ್ಟಿಗೆಯನ್ನು ಎತ್ತುವ ಹೊತ್ತಿಗೆ, ಸಭೆಗೆ ಸೇರದ ಬಸಣ್ಣ ಹೆಗಲು ಕೊಡಬಹುದೇ ಎಂದು ಯಾರೋ ಮೆಲ್ಲನೆ ಕೇಳಿದರು. ಕೋಲೂರಿ ನಿಂತಿದ್ದ ವೃದ್ಧ ಸಮುವೇಲಪ್ಪನವರು ಆ ಕಡೆ ತಿರುಗಿಯೂ ನೋಡಲಿಲ್ಲ.

"ಹೊರಾಕ ಹೆಗಲಿದ್ರ ಸಾಕು. ನಡೀರಿ" ಎಂದರು.

ಬಸಣ್ಣನ ಹೆಗಲೇರಿ ಪೆಟ್ಟಿಗೆ ಜಾಲಿಬೇಲಿಯ ಕಡೆಗೆ ಸಾಗಿತು.