ಗಂಜಿ ಕುಡಿದ ಬಿಸಿಲು

ಹೊಳೆದಂಡೆಯಲ್ಲಿ ಪುಟ್ಟತಾಯಮ್ಮನವರ ಆಶ್ರಮ. ಆಶ್ರಮ ಅಂದಮಾತ್ರಕ್ಕೆ ಜಪಮಾಲೆ, ಕಮಂಡಲ ಹುಡುಕಬೇಡಿ. ಅಲ್ಲಿದ್ದದ್ದು ಗಾಜಿನ ಸೀಸೆಗಳು, ಒಂದು ಕುಲುಮೆ, ಗಾಳಿಯನ್ನು ಪರೀಕ್ಷಿಸುವ ಯಂತ್ರ, ಮತ್ತೆ ಬೇಕಾದಷ್ಟು ಬಿಸಿಲು.

ಶಿಷ್ಯ ದೊರೆಸ್ವಾಮಿ ಇಟ್ಟಿಗೆ ಗೂಡುಗಳ ಊರಿನವನು, ಆ ಹೊಗೆಯಲ್ಲೇ ಕೆಮ್ಮಿಕೊಂಡು ಬೆಳೆದವನು. ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಬಿಸಿಲಿನ ಬಲದಿಂದಲೇ ಒಲೆ ಉರಿಸುವ ಅನಿಲ ಮಾಡುವಂಥ ಪುಡಿ ತರ್ತೀನಿ ಅಂತ ಅವ್ವನಿಗೆ ಮಾತು ಕೊಟ್ಟು ಬಂದಿದ್ದ.

ಒಂದು ಮಧ್ಯಾಹ್ನ ಸೀಸೆ ಹಿಡಿದು ಓಡಿ ಬಂದ. ಅದರ ಒಳಗೋಡೆಗೆ ಹಳದಿ ಪುಡಿ ಬಳಿದಿತ್ತು.

"ತಾಯೀ, ನೋಡಿ!"

ಮುಚ್ಚಳ ಸಡಿಲಿಸಿ ಕಡ್ಡಿ ಗೀರಿದ. ಸೀಸೆಯ ಬಾಯಲ್ಲಿ ನೀಲಿ ಉರಿ ಎದ್ದಿತು.

"ಹಾಕಿದ್ದು ಹೊಗೆಗಾಳಿ, ನಾಲ್ಕು ಹನಿ ನೀರು, ಅಷ್ಟೇ. ಮಿಕ್ಕಿದ್ದೆಲ್ಲ ಸೂರ್ಯದೇವನದು! ಊರಿಗೆ ಹೊರಡ್ತೀನಿ ತಾಯಿ. ಅವ್ವನಿಗೆ ಹೇಳಿ ಕಳಿಸಿದ್ದೂ ಆಯ್ತು."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿಬಿಟ್ಯಾ?" ತಾಯಿ ನಕ್ಕರು. "ಇನ್ನೊಂದು ಸೀಸೆಗೆ ಇದೇ ಪುಡಿ ಬಳಿ. ಹೊಗೆಗಾಳಿ ಬೇಡ, ಬರೀ ಸಾರಜನಕ ತುಂಬಿ ಅಷ್ಟೇ ನೀರು ಹನಿಸು. ಬಿಸಿಲಿಗಿಡು."

"ಇಂಗಾಲವೇ ಇಲ್ಲದ ಸೀಸೆಯಲ್ಲಿ ಏನು ಹುಟ್ಟುತ್ತೆ? ಸುಮ್ಮನೆ ದಂಡ."

"ಏನೂ ಹುಟ್ಟದಿದ್ದರೆ ನಾನೇ ನಿನಗೆ ಬುತ್ತಿ ಕಟ್ಟಿಕೊಡ್ತೀನಿ."

ಮರುದಿನ ಸಂಜೆ ಆ ಸೀಸೆಗೂ ಕಡ್ಡಿ ಗೀರಿದ.

ಅದೇ ನೀಲಿ ಉರಿ.

ದೊರೆಸ್ವಾಮಿ ಎರಡೂ ಸೀಸೆಗಳನ್ನು ಮುಂದಿಟ್ಟುಕೊಂಡು ಕೂತ.

"ಪುಡಿ ಗಾಜಿಗೆ ಹಿಡಿಯಲಿ ಅಂತ ಏನು ಕಲಸಿದ್ದೆ?" ತಾಯಿ ಕೇಳಿದರು.

"ಗಂಜಿ..." ಅಂದವನೇ ಹಣೆ ಚಚ್ಚಿಕೊಂಡ. ಗಂಜಿಯ ತುಂಬ ಇಂಗಾಲ! ಬಿಸಿಲು ಹೊಗೆಗಾಳಿಯನ್ನು ಮುಟ್ಟಿರಲೇ ಇಲ್ಲ. ಗಂಜಿಯನ್ನೇ ಒಡೆದು ಉರಿಯುವ ಅನಿಲ ಮಾಡಿತ್ತು.

ಆಮೇಲೆ ಮೆಲ್ಲಗೆ ಹೇಳಿದ.

"ಊರವರಿಗೆ ಉರಿ ಕಂಡರೆ ಸಾಕು ತಾಯಿ. ಗಂಜಿ ವಿಷಯ ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ. ಗಂಜಿ ಮುಗಿದ ದಿನ ಒಲೆ ಕೇಳುತ್ತೆ."

ಅವನಿಗೆ ನಾಚಿಕೆಯಾಯಿತು. ಎದ್ದು ಎರಡು ಸೀಸೆಗೆ ಹೊಸದಾಗಿ ಪುಡಿ ಬಳಿದ. ಕುಲುಮೆಗಿಟ್ಟು, ಗಂಜಿಯ ಅಂಶವೆಲ್ಲ ಸುಟ್ಟುಹೋಗುವವರೆಗೆ ಕಾಯಿಸಿದ. ಪುಡಿ ಗಾಜಿಗೇ ಬೆಸೆದುಕೊಂಡಿತು.

ಬೆಳಗ್ಗೆ ಒಂದಕ್ಕೆ ಸಾರಜನಕ ತುಂಬಿ, ನೀರು ಹನಿಸಿದ. ಇನ್ನೊಂದಕ್ಕೆ ಹೊಗೆಗಾಳಿ ತರಲು ಹೊರಟವನನ್ನು ತಾಯಿ ತಡೆದರು. ಸುಣ್ಣದ ತಿಳಿನೀರು ಮುಂದಿಟ್ಟು, ಕೊಳವೆ ಕೊಟ್ಟರು.

"ಹೊಗೆಯಲ್ಲಿ ಮಸಿಯ ಕಲಬೆರಕೆ ಇರುತ್ತೆ. ಇದಕ್ಕೆ ಊದು."

ಊದಿದ. ತಿಳಿನೀರು ಹಾಲಿನಂತೆ ಬೆಳ್ಳಗಾಯಿತು.

"ನಿನ್ನ ಉಸಿರಲ್ಲೂ ಅದೇ ಇಂಗಾಲದ ಡೈಆಕ್ಸೈಡ್ ಇದೆ. ಸುಣ್ಣ ಅದನ್ನ ಹಿಡಿದುಕೊಂಡಿದೆ." ಕೆಳಗೆ ಕೂತ ಬಿಳಿ ಪುಡಿಗೆ ಆಮ್ಲ ಹನಿಸಿದರು. ಬುಸಬುಸ ಎದ್ದ ಗಾಳಿಯನ್ನು ಸೀಸೆಗೆ ಹಿಡಿದು, ನೀರು ಹನಿಸಿ, ಎರಡನ್ನೂ ಬಿಸಿಲಿಗಿಟ್ಟರು.

ಹೊತ್ತು ಮುಳುಗುವಾಗ ತಾಯಿ ಎರಡೂ ಸೀಸೆಗಳಿಂದ ಸೂಜಿಯಲ್ಲಿ ಒಂದಿಷ್ಟು ಗಾಳಿ ಎಳೆದಿಟ್ಟುಕೊಂಡರು. ಆಮೇಲೆ ದೊರೆಸ್ವಾಮಿ ಕಡ್ಡಿ ಗೀರಿದ. ಸಾರಜನಕದ ಸೀಸೆಯಲ್ಲಿ ಉರಿ ಇಲ್ಲ. ಉಸಿರಿನ ಸೀಸೆಯಲ್ಲೂ ಇಲ್ಲ.

"ಹೊಳೇಲಿ ಹುಣಸೇಹಣ್ಣು ಕಿವುಚಿದ ಹಾಗಾಯ್ತು!"

"ತಾಳಯ್ಯ," ಅಂದು ತಾಯಿ ಸಾರಜನಕದ ಸೂಜಿಯನ್ನು ಯಂತ್ರಕ್ಕೆ ಕೊಟ್ಟರು. ಪರದೆಯ ಮೇಲೆ ಗೆರೆ ನೆಟ್ಟಗೆ ಹೋಯಿತು. ಉಸಿರಿನ ಸೂಜಿ ಕೊಟ್ಟರು. ಉರಿಯುವ ಅನಿಲ ತೋರುವ ಕಡೆ ಗೆರೆ ಸಾಸಿವೆಯಷ್ಟು ಉಬ್ಬಿತು, ಇಳಿಯಿತು.

ದೊರೆಸ್ವಾಮಿ ಪರದೆಯ ಹತ್ತಿರ ಬಗ್ಗಿದ. "ಇದು... ನನ್ನ ಉಸಿರಾ?"

"ಬೆಳಗ್ಗೆ ನೀನು ಬಿಟ್ಟ ಉಸಿರು. ಸಂಜೆಗೆ ಸೌದೆಯಾಗಿದೆ ಕಣಪ್ಪಾ." ತಾಯಿ ಸೀಸೆಗೆ ಕೈಮುಗಿದರು. "ನನ್ನ ಗುರುಗಳು ಇದನ್ನ ನೋಡದೇ ಹೋದರು."

ಅವನೂ ಕೈಮುಗಿದ. ಕಣ್ಣಲ್ಲಿ ನೀರಾಡಿತು.

"ಆದರೆ ಇದರಲ್ಲಿ ಒಂದು ಲೋಟ ನೀರೂ ಬಿಸಿಯಾಗಲ್ಲ ತಾಯಿ. ಅವ್ವ ದಾರಿ ನೋಡ್ತಿದ್ದಾಳೆ. ಏನು ತೋರಿಸಲಿ?"

ತಾಯಿ ಒಳಗೆ ಹೋಗಿ ಬುತ್ತಿಗಂಟು ತಂದು ಅವನ ಕೈಗಿಟ್ಟರು.

"ಎರಡೂ ಸೀಸೆ ತಗೊಂಡು ಹೋಗು. ಏನೂ ಹುಟ್ಟದ ಸೀಸೆಯನ್ನ ಮೊದಲು ತೋರಿಸು. ಅದು ಖಾಲಿ ಉಳಿದದ್ದಕ್ಕೇ ಇನ್ನೊಂದನ್ನ ನಂಬಬಹುದು."